ವಿಶ್ವವಿದ್ಯಾಲಯಗಳಲ್ಲಿ ಕುಡಿತ: ಹೆಚ್ಚು ಪೆಟ್ಟು ಬೀಳುವುದು ಚೆನ್ನಾಗಿ ಓದುವವರಿಗೆ

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಜೈನ ಕುಟುಂಬಗಳಲ್ಲಿ ವಿಚಾರಣೆ ಶುರುವಾಗುತ್ತದೆ. ಹಾಸ್ಟೆಲ್‌ನಲ್ಲಿ ಸಸ್ಯಾಹಾರದ ಮೆಸ್ ಬೇರೆಯಾಗಿದೆಯೇ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಸಿಗುತ್ತದೆಯೇ, ಸೂರ್ಯಾಸ್ತಕ್ಕೆ ಮೊದಲು ಊಟ ಮಾಡುವವರಿಗೆ ಅನುಕೂಲವಿದೆಯೇ, ಹತ್ತಿರದಲ್ಲಿ ಬಸದಿ ಇದೆಯೇ, ಇಲ್ಲವಾದರೆ ಸಮಾಜದ ಮನೆಗಳಾದರೂ ಇವೆಯೇ? ಈ ಪ್ರಶ್ನೆಗಳನ್ನು ಕೇಳದ ತಂದೆ ತಾಯಿ ವಿರಳ. ಆದರೆ ಪಿ.ಜಿ.ಯ ಅದೇ ಕೋಣೆಯಲ್ಲಿ ಇನ್ನಿಬ್ಬರು ಯಾರಿರುತ್ತಾರೆ, ಶನಿವಾರ ರಾತ್ರಿ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಕೇಳುವವರು ಅದಕ್ಕಿಂತಲೂ ವಿರಳ. ತಟ್ಟೆಗೆ ಏನು ಬೀಳುತ್ತದೆ ಎಂಬ ಎಚ್ಚರ ಲೋಟದ ವಿಷಯದಲ್ಲಿ ಇರುವುದಿಲ್ಲ. ಮದ್ಯತ್ಯಾಗವು ಅಷ್ಟಮೂಲಗುಣಗಳಲ್ಲಿ ಮೊದಲಿಗೇ ಬರುವುದರಿಂದ, ಅದು ಮನೆಯ ಮಕ್ಕಳಿಗೆ ಸಂಬಂಧಿಸಿದ ಸಂಗತಿಯೇ ಅಲ್ಲ ಎಂಬ ನಂಬಿಕೆ ಇದಕ್ಕೆ ಕಾರಣ.

ನಂಬಿಕೆ ಬಹುಮಟ್ಟಿಗೆ ನಿಜವೂ ಹೌದು. ಭಾರತದಲ್ಲಿ ಕುಡಿಯದವರೇ ಬಹುಸಂಖ್ಯಾತರು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಮದ್ಯ ಸೇವಿಸುವವರು ಶೇ. 14.6. ಪುರುಷರಲ್ಲಿ ಶೇ. 27.3, ಮಹಿಳೆಯರಲ್ಲಿ ಶೇ. 1.6. ಆದರೆ ಅದೇ ಸಮೀಕ್ಷೆ ಹೇಳುವ ಇನ್ನೊಂದು ಮಾತೂ ಇದೆ: ಕುಡಿಯುವ ಸುಮಾರು 16 ಕೋಟಿ ಜನರಲ್ಲಿ 5.7 ಕೋಟಿ ಜನರ ಕುಡಿತ ಹಾನಿಕರ ಮಟ್ಟದ್ದು ಅಥವಾ ಚಟದ ಮಟ್ಟದ್ದು. ಅಂದರೆ ಈ ದೇಶದಲ್ಲಿ ಕುಡಿಯುವವರು ಕಡಿಮೆ. ಕುಡಿಯುವವರಲ್ಲಿ ಮಾತ್ರ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮಿತಿ ಮೀರಿ ಕುಡಿಯುತ್ತಾರೆ. ಒಂದು ಲೋಟಕ್ಕೆ ನಿಲ್ಲುವ ಕುಡಿತ ಇಲ್ಲಿನ ರೂಢಿಯಲ್ಲ. ವಿದ್ಯಾರ್ಥಿಗಳ ವಿಷಯಕ್ಕೆ ಬಂದಾಗ ಈ ಅಂಶ ಮುಖ್ಯವಾಗುತ್ತದೆ.

ಮಿತಿ ಮೀರುವುದು ಎಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಂದೇ ಬಾರಿಗೆ 60 ಗ್ರಾಂ ಅಥವಾ ಹೆಚ್ಚು ಶುದ್ಧ ಮದ್ಯಸಾರ ದೇಹ ಸೇರಿದರೆ ಅದು ಭಾರೀ ಕುಡಿತ. ತಿಂಗಳಿಗೆ ಒಮ್ಮೆ ಹೀಗಾದರೂ ಆ ವ್ಯಕ್ತಿಯನ್ನು ಈ ಗುಂಪಿಗೆ ಸೇರಿಸಲಾಗುತ್ತದೆ. ಇದನ್ನು ಕರ್ನಾಟಕದ ಅಂಗಡಿಯ ಅಳತೆಗೆ ಇಳಿಸಿ ನೋಡಬಹುದು. ಇಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇ. 42.8. 180 ಮಿ.ಲೀ.ನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 77 ಮಿ.ಲೀ. ಮದ್ಯಸಾರ, ತೂಕದಲ್ಲಿ ಸರಿಸುಮಾರು 60 ಗ್ರಾಂ. ಒಂದು ಕ್ವಾರ್ಟರ್ ಎಂದರೆ ಅಲ್ಲಿಗೆ ಗೆರೆ ಮುಟ್ಟಿತು. 650 ಮಿ.ಲೀ.ನ ಎರಡು ಬಾಟಲಿ ಸ್ಟ್ರಾಂಗ್ ಬಿಯರ್ ಕುಡಿದರೂ ಗೆರೆ ದಾಟಿದಂತೆಯೇ. 'ವಾರಕ್ಕೊಮ್ಮೆ ಒಂದು ಕ್ವಾರ್ಟರ್ ಅಷ್ಟೇ', 'ಬಿಯರ್ ಏನು ಮಹಾ' ಎಂದು ವಿದ್ಯಾರ್ಥಿಗಳು ಹಗುರವಾಗಿ ಹೇಳುವ ಪ್ರಮಾಣವೇ ವೈದ್ಯಕೀಯ ಲೆಕ್ಕದಲ್ಲಿ ಭಾರೀ ಕುಡಿತ. ದಿನವೂ ಕುಡಿದು ರಸ್ತೆಯಲ್ಲಿ ಬೀಳುವವನನ್ನು ಮಾತ್ರ ಕುಡುಕ ಎಂದು ಗುರುತಿಸಿ ರೂಢಿಯಾಗಿರುವ ಸಮಾಜಕ್ಕೆ ಈ ವಾರಾಂತ್ಯದ ಕುಡುಕ ಕಣ್ಣಿಗೆ ಬೀಳುವುದೇ ಇಲ್ಲ.

ಓದಿನ ಮೇಲೆ ಇದರ ಪರಿಣಾಮವನ್ನು ಅತ್ಯಂತ ವಿಸ್ತಾರವಾಗಿ ಅಳೆದಿರುವುದು ಅಮೆರಿಕದಲ್ಲಿ. ಹಾರ್ವರ್ಡ್ ಸಾರ್ವಜನಿಕ ಆರೋಗ್ಯ ಶಾಲೆಯ ಹೆನ್ರಿ ವೆಕ್ಸ್‌ಲರ್ ಅವರ ತಂಡ 1993ರಲ್ಲಿ 140 ಕಾಲೇಜುಗಳ 17,592 ವಿದ್ಯಾರ್ಥಿಗಳನ್ನು ಪ್ರಶ್ನಿಸಿತು. ಹಿಂದಿನ ಎರಡು ವಾರಗಳಲ್ಲಿ ಹುಡುಗರಾದರೆ ಒಂದೇ ಪಟ್ಟಿನಲ್ಲಿ ಐದು, ಹುಡುಗಿಯರಾದರೆ ನಾಲ್ಕು ಪೆಗ್ ಕುಡಿದಿದ್ದರೆ ಅದನ್ನು ಭಾರೀ ಕುಡಿತ ಎಂದು ಲೆಕ್ಕ ಹಾಕಲಾಯಿತು. ಶೇ. 44 ವಿದ್ಯಾರ್ಥಿಗಳು ಆ ಗುಂಪಿಗೆ ಸೇರಿದರು. ಎರಡು ವಾರದಲ್ಲಿ ಮೂರು ಅಥವಾ ಹೆಚ್ಚು ಬಾರಿ ಹೀಗೆ ಕುಡಿಯುವವರು ಶೇ. 19. ಕುಡಿದದ್ದರಿಂದ ತರಗತಿ ತಪ್ಪಿಸಿದಿರಾ ಎಂಬ ಪ್ರಶ್ನೆಗೆ ಹೌದು ಎಂದವರು, ಮಿತಿಯೊಳಗೆ ಕುಡಿಯುವವರಲ್ಲಿ ಶೇ. 8, ಅಪರೂಪಕ್ಕೆ ಮಿತಿ ಮೀರುವವರಲ್ಲಿ ಶೇ. 30, ಪದೇ ಪದೇ ಮಿತಿ ಮೀರುವವರಲ್ಲಿ ಶೇ. 61. ಓದಿನಲ್ಲಿ ಹಿಂದೆ ಬಿದ್ದೆವು ಎಂದವರು ಅದೇ ಕ್ರಮದಲ್ಲಿ ಶೇ. 6, 21 ಮತ್ತು 46.

ಅಮೆರಿಕದ ಅಂಕಿಗಳನ್ನು ಹಾಗೆಯೇ ಧಾರವಾಡಕ್ಕೋ ಮಂಗಳೂರಿಗೋ ತಂದು ಅಂಟಿಸುವಂತಿಲ್ಲ. ಅಲ್ಲಿನ ಕಾಲೇಜು ಬದುಕು ಬೇರೆ, ಕುಡಿಯುವವರ ಪ್ರಮಾಣವೂ ಬೇರೆ. ಆದರೆ ಆ ಮೂರು ಅಂಕಿಗಳು ಏರುವ ರೀತಿ ಗಮನಿಸಬೇಕಾದದ್ದು. ಮಿತಿಯೊಳಗಿನಿಂದ ಮಿತಿಯಾಚೆಗೆ ಕಾಲಿಟ್ಟ ಕೂಡಲೇ ತರಗತಿ ತಪ್ಪಿಸುವವರ ಪ್ರಮಾಣ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ, ರೂಢಿಯಾದರೆ ಮತ್ತೆ ಇಮ್ಮಡಿಯಾಗುತ್ತದೆ. ಅಮೆರಿಕ ಸರ್ಕಾರದ ಮದ್ಯಪಾನ ಸಂಶೋಧನಾ ಸಂಸ್ಥೆ ಇಂದಿಗೂ ಹೇಳುತ್ತಿರುವುದು ಇಷ್ಟೇ: ಅಲ್ಲಿನ ಕಾಲೇಜು ವಿದ್ಯಾರ್ಥಿಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕುಡಿತದಿಂದ ಓದಿಗೆ ಒಂದಿಲ್ಲೊಂದು ತೊಂದರೆಯಾಗಿದೆ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಓದಿನಲ್ಲಿ ಮೊದಲೇ ಆಸಕ್ತಿ ಕಳೆದುಕೊಂಡವರು ಕುಡಿಯಲು ಹೋಗುತ್ತಾರೆ, ಕುಡಿತಕ್ಕೂ ಅಂಕಕ್ಕೂ ನೇರ ಸಂಬಂಧವಿಲ್ಲ ಎನ್ನಬಹುದಲ್ಲ? ಜಾಣ ಹುಡುಗ ಕುಡಿದರೂ ಜಾಣನೇ ಎಂಬ ಮಾತು ಹಾಸ್ಟೆಲ್‌ಗಳಲ್ಲಿ ಚಾಲ್ತಿಯಲ್ಲಿದೆ. ರಾತ್ರಿಯೆಲ್ಲ ಪಾರ್ಟಿ ಮಾಡಿ ಬೆಳಿಗ್ಗೆ ಪರೀಕ್ಷೆ ಬರೆದು ಡಿಸ್ಟಿಂಕ್ಷನ್ ಪಡೆದ ಸೀನಿಯರ್ ಒಬ್ಬನ ಕಥೆ ಪ್ರತಿ ಕಾಲೇಜಿನಲ್ಲೂ ಸಿಗುತ್ತದೆ. ಆ ಸೀನಿಯರ್ ಯಾವಾಗಲೂ ಕೇಳಿದವರು ಸೇರುವುದಕ್ಕಿಂತ ಎರಡು ವರ್ಷ ಮುಂಚೆಯೇ ಪಾಸಾಗಿ ಹೋಗಿರುತ್ತಾನೆ ಎಂಬುದು ಬೇರೆ ಮಾತು.

ಈ ಆಕ್ಷೇಪಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ವಾಯುಪಡೆಯ ಅಕಾಡೆಮಿಯಲ್ಲಿ. ಆ ದೇಶದಲ್ಲಿ ಕುಡಿಯಲು ಕಾನೂನಿನ ವಯಸ್ಸು 21. ಕೊಲರಾಡೊದ ಈ ಅಕಾಡೆಮಿಯಲ್ಲಿ ಅದಕ್ಕಿಂತ ಕಿರಿಯರು ಕುಡಿದು ಸಿಕ್ಕಿಬಿದ್ದರೆ ಶಿಕ್ಷೆ ಕಠಿಣ. 21 ತುಂಬಿದ ದಿನದಿಂದ ಅಡ್ಡಿಯಿಲ್ಲ. ಎಲ್ಲರಿಗೂ ಕಡ್ಡಾಯವಾದ ಸಾಮಾನ್ಯ ವಿಷಯಗಳು, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಹಾಗಾಗಿ ಪರೀಕ್ಷೆಗೆ ಸ್ವಲ್ಪ ಮೊದಲು 21 ತುಂಬಿದವರ ಅಂಕಗಳನ್ನೂ ಸ್ವಲ್ಪ ನಂತರ ತುಂಬಲಿರುವವರ ಅಂಕಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಲು ಸಾಧ್ಯವಾಯಿತು. ಬುದ್ಧಿ, ಹಿನ್ನೆಲೆ, ಶಿಸ್ತು ಎಲ್ಲ ಒಂದೇ. ಬೇರೆಯಾದದ್ದು ಹುಟ್ಟಿದ ದಿನಾಂಕ ಮಾತ್ರ. ಅರ್ಥಶಾಸ್ತ್ರಜ್ಞರಾದ ಕ್ಯಾರೆಲ್, ಹೋಕ್‌ಸ್ಟ್ರಾ ಮತ್ತು ವೆಸ್ಟ್ 2011ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ, 21 ತುಂಬಿದ ಕೂಡಲೇ ಅಂಕಗಳು ಒಂದು ಮಾನಕ ವಿಚಲನೆಯ ಹತ್ತನೇ ಒಂದರಷ್ಟು ಕುಸಿದದ್ದು ಕಂಡಿತು. ಸರಳವಾಗಿ ಹೇಳುವುದಾದರೆ ನೂರು ಜನರ ತರಗತಿಯಲ್ಲಿ ನಡುಮಧ್ಯೆ ಇದ್ದವನು ಸುಮಾರು ನಾಲ್ಕು ಸ್ಥಾನ ಕೆಳಗಿಳಿದಂತೆ. ಸಣ್ಣದಾಗಿ ಕಾಣುತ್ತದೆ. ಆದರೆ ಇದು 21 ತುಂಬಿದ ಎಲ್ಲರ ಸರಾಸರಿ, ಲೋಟ ಮುಟ್ಟದವರೂ ಅದರೊಳಗೆ ಇದ್ದಾರೆ. ನಿಜವಾಗಿ ಕುಡಿದವರ ನಷ್ಟ ಅದಕ್ಕಿಂತ ಹೆಚ್ಚೇ ಇರಬೇಕು.

ಆ ಅಧ್ಯಯನದ ಮುಖ್ಯ ಸಂಗತಿ ಇನ್ನೊಂದು. ಅತಿ ಹೆಚ್ಚು ಕುಸಿತ ಕಂಡದ್ದು ತರಗತಿಯ ಮೇಲ್ಪಂಕ್ತಿಯ ವಿದ್ಯಾರ್ಥಿಗಳಲ್ಲಿ. ಜಾಣ ಹುಡುಗ ಕುಡಿದರೂ ಜಾಣನೇ ಎಂಬ ಹಾಸ್ಟೆಲ್ ಗಾದೆಗೆ ಇದು ನೇರ ಉತ್ತರ. 90 ಅಂಕದವನು 85ಕ್ಕೆ ಇಳಿದರೆ ಯಾರೂ ಗಾಬರಿಯಾಗುವುದಿಲ್ಲ, ಮನೆಯವರಂತೂ ವಿಷಯ ಕಷ್ಟ ಇರಬೇಕು ಎಂದುಕೊಳ್ಳುತ್ತಾರೆ. ಫೇಲಾದಾಗ ಮಾತ್ರ ಎಚ್ಚರಗೊಳ್ಳುವ ಪದ್ಧತಿಯಲ್ಲಿ ಈ ನಷ್ಟ ಲೆಕ್ಕಕ್ಕೆ ಬರುವುದೇ ಇಲ್ಲ. ನಂತರ ಒರೆಗಾನ್ ವಿಶ್ವವಿದ್ಯಾಲಯದ ಅಂಕಪಟ್ಟಿಗಳನ್ನು ಇಟ್ಟುಕೊಂಡು 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕುಸಿತದ ಪ್ರಮಾಣ ವಾಯುಪಡೆ ಅಕಾಡೆಮಿಯಷ್ಟಿಲ್ಲ ಎಂದಿತು. ಆದರೆ ಕುಸಿತ ಇದೆ, ಅದು ಮುಂದಿನ ಅವಧಿಗಳಿಗೂ ಉಳಿಯುತ್ತದೆ, ವಿದ್ಯಾರ್ಥಿನಿಯರಲ್ಲೂ ಇದೆ ಎಂಬುದನ್ನು ಅದೂ ಒಪ್ಪಿತು.

ಹೀಗೇಕೆ ಆಗುತ್ತದೆ ಎಂಬುದಕ್ಕೆ ದೇಹಶಾಸ್ತ್ರದಲ್ಲಿ ಉತ್ತರವಿದೆ. ಯಕೃತ್ತು ಗಂಟೆಗೆ ಸುಮಾರು 7ರಿಂದ 8 ಗ್ರಾಂ ಮದ್ಯಸಾರವನ್ನು ಮಾತ್ರ ಕರಗಿಸಬಲ್ಲದು. ಸ್ನಾನ ಮಾಡಿದರೂ, ಕಾಫಿ ಕುಡಿದರೂ, ನಿಂಬೆಹಣ್ಣು ಹಿಂಡಿದರೂ ಈ ವೇಗ ಹೆಚ್ಚುವುದಿಲ್ಲ. ರಾತ್ರಿ ಹತ್ತಕ್ಕೆ ಆರಂಭಿಸಿ ಒಂದು ಕ್ವಾರ್ಟರ್ ಮುಗಿಸಿದವನ ರಕ್ತ ತಿಳಿಯಾಗುವುದು ಬೆಳಗಿನ ಆರಕ್ಕೆ. ಎರಡಾದರೆ ಮರುದಿನ ಮಧ್ಯಾಹ್ನದವರೆಗೆ. ಆ ನಡುವಿನ ನಿದ್ದೆ ನಿದ್ದೆಯೇ ಅಲ್ಲ. ಮದ್ಯ ಬೇಗ ಮಲಗಿಸುತ್ತದೆ ನಿಜ, ಆದರೆ ಕನಸು ಬೀಳುವ ಹಂತದ ನಿದ್ದೆಯನ್ನು ಕತ್ತರಿಸುತ್ತದೆ, ರಾತ್ರಿಯ ಎರಡನೇ ಭಾಗದಲ್ಲಿ ಮತ್ತೆ ಮತ್ತೆ ಎಚ್ಚರಿಸುತ್ತದೆ. ಹಗಲಿನಲ್ಲಿ ಓದಿದ್ದನ್ನು ಮಿದುಳು ಅಡಕಗೊಳಿಸಿ ಇಡುವುದು ನಿದ್ದೆಯಲ್ಲಿ. ಶುಕ್ರವಾರ ಸಂಜೆಯವರೆಗೆ ಕಷ್ಟಪಟ್ಟು ಓದಿ ಅದೇ ರಾತ್ರಿ ಕುಡಿದವನು, ಕುಡಿದ ಸಮಯವನ್ನಷ್ಟೇ ಅಲ್ಲ, ಅದಕ್ಕೆ ಮುಂಚೆ ಓದಿದ ಸಮಯದ ಒಂದು ಪಾಲನ್ನೂ ಕಳೆದುಕೊಂಡಿರುತ್ತಾನೆ. ಇನ್ನು ಅತಿಯಾಗಿ ಬೇಗ ಬೇಗ ಕುಡಿದಾಗ ನೆನಪನ್ನು ಬರೆದಿಡುವ ಹಿಪೊಕ್ಯಾಂಪಸ್ ಎಂಬ ಭಾಗದ ಕೆಲಸವೇ ನಿಲ್ಲುತ್ತದೆ. ಅವನು ನಡೆದಾಡುತ್ತಾನೆ, ಮಾತನಾಡುತ್ತಾನೆ, ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಯೋಚಿಸಿ ತೀರ್ಮಾನಿಸುವ, ಆಸೆಗೆ ಕಡಿವಾಣ ಹಾಕುವ ಮುಂದಿನ ಮಿದುಳು ಪೂರ್ಣ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಪದವಿಯ ವರ್ಷಗಳೆಲ್ಲ ಅದಕ್ಕೂ ಮುಂಚಿನವು.

ಕರ್ನಾಟಕದ ಸೆಮಿಸ್ಟರ್ ಪದ್ಧತಿಯಲ್ಲಿ ಇದು ಅಂಕಕ್ಕಿಂತ ಮೊದಲು ಹಾಜರಾತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಕನಿಷ್ಠ ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಕೆಲವೆಡೆ ಮಿತಿ ಇನ್ನೂ ಹೆಚ್ಚು. ವಾರಕ್ಕೆ ಆರು ದಿನದಂತೆ 16 ವಾರದ ಸೆಮಿಸ್ಟರ್ ಎಂದಿಟ್ಟುಕೊಂಡರೆ 96 ದಿನ. ಶೇ. 75 ಉಳಿಸಿಕೊಳ್ಳಬೇಕಾದರೆ ತಪ್ಪಿಸಬಹುದಾದದ್ದು 24 ದಿನ. ಭಾನುವಾರ ರಾತ್ರಿಯ ಕುಡಿತದಿಂದ ಪ್ರತಿ ಸೋಮವಾರ ತಪ್ಪಿದರೆ ಅದರಲ್ಲಿ 16 ಹೋಯಿತು. ಉಳಿದ ಎಂಟು ದಿನದಲ್ಲಿ ಒಂದು ಜ್ವರ, ಅಣ್ಣನ ಮದುವೆ, ಊರಿನ ಪಂಚಕಲ್ಯಾಣ ಎಲ್ಲ ಮುಗಿಯಬೇಕು. ಶುಕ್ರವಾರ ರಾತ್ರಿಯೂ ಕೂಡಿ ಶನಿವಾರವೂ ತಪ್ಪತೊಡಗಿದರೆ 32 ದಿನ, ಹಾಜರಾತಿ ಶೇ. 67ಕ್ಕೆ ಇಳಿದಿರುತ್ತದೆ. ವಾರದಲ್ಲಿ ನಾಲ್ಕು ದಿನ ಲೋಟ ಮುಟ್ಟದೆ, ತರಗತಿಗೂ ತಪ್ಪದೆ ಹೋದ ಹುಡುಗ ಹೀಗೆ ಡಿಟೇನ್ ಆಗುತ್ತಾನೆ. ಅವನಿಗೂ ಇದು ಆಶ್ಚರ್ಯವೇ.

ಅದರ ಮುಂದಿನದು ಆಂತರಿಕ ಮೌಲ್ಯಮಾಪನ. ಹಿಂದಿನಂತೆ ವರ್ಷದ ಕೊನೆಯ ಒಂದು ಪರೀಕ್ಷೆಗೆ ಒಂದು ತಿಂಗಳು ಬಾಗಿಲು ಹಾಕಿಕೊಂಡು ಓದಿ ದಡ ಸೇರುವ ಕಾಲ ಈಗಿಲ್ಲ. ಕಿರುಪರೀಕ್ಷೆ, ಅಸೈನ್‌ಮೆಂಟ್, ಪ್ರಯೋಗಾಲಯದ ರೆಕಾರ್ಡ್, ಸೆಮಿನಾರ್ ಎಂದು ವಾರವಾರವೂ ಅಂಕ ಸೇರುತ್ತ ಹೋಗುತ್ತದೆ, ಅಥವಾ ಸೋರುತ್ತ ಹೋಗುತ್ತದೆ. ಕ್ಯಾಂಪಸ್ ಆಯ್ಕೆಗೆ ಬರುವ ಕಂಪನಿಗಳು ಮೊದಲು ಕೇಳುವುದು ಬಾಕಿ ವಿಷಯಗಳು ಇವೆಯೇ ಎಂದು. ಎರಡನೇ ವರ್ಷದ ಒಂದು ಬ್ಯಾಕ್‌ಲಾಗ್ ಕೊನೆಯ ವರ್ಷದ ಸಂದರ್ಶನದ ಬಾಗಿಲಲ್ಲಿ ಅಡ್ಡ ನಿಲ್ಲುತ್ತದೆ. ಶಿಕ್ಷಣ ಸಾಲ ತೆಗೆದು ಓದಿಸಿದ ಮನೆಗಳಲ್ಲಿ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ? ರಾಜ್ಯದ ಅಬಕಾರಿ ನಿಯಮಗಳ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಮೂಲ ಕಾಯಿದೆಯಾದ 1965ರ ಕರ್ನಾಟಕ ಅಬಕಾರಿ ಅಧಿನಿಯಮದಲ್ಲಿ 18 ಎಂದಿದೆ, 1967ರ ಸನ್ನದು ನಿಯಮಗಳಲ್ಲಿ 21 ಎಂದಿದೆ. ಈ ವ್ಯತ್ಯಾಸವನ್ನು ಸರಿಪಡಿಸುವ ಹೆಸರಿನಲ್ಲಿ 2023ರ ಜನವರಿಯಲ್ಲಿ ನಿಯಮದ ವಯಸ್ಸನ್ನು 18ಕ್ಕೆ ಇಳಿಸುವ ಕರಡು ಹೊರಬಿತ್ತು. ಸಾರ್ವಜನಿಕ ವಿರೋಧ ಎದ್ದ ಮೇಲೆ ಅದೇ ತಿಂಗಳು ಸರ್ಕಾರ ಅದನ್ನು ಕೈಬಿಟ್ಟಿತು. ಪಿಯುಸಿ ಮುಗಿಸಿದ ವಿದ್ಯಾರ್ಥಿಗೆ 18, ಪದವಿ ಮುಗಿಸುವಾಗ 21, ಎಂಜಿನಿಯರಿಂಗ್ ಮುಗಿಸುವಾಗ 22. ಹಾಗಾಗಿ ಆ ಕರಡಿನ ಮೂರು ವರ್ಷಗಳ ವ್ಯತ್ಯಾಸ ಎಂದರೆ ಕಾಲೇಜು ಜೀವನ ಪೂರ್ತಿಯೇ. ವಾಯುಪಡೆ ಅಕಾಡೆಮಿಯ ಅಧ್ಯಯನವನ್ನು ಆಗ ಯಾರಾದರೂ ಸಚಿವಾಲಯದ ಮೇಜಿನ ಮೇಲೆ ಇಟ್ಟಿದ್ದರೆ ಚೆನ್ನಾಗಿತ್ತು.

ಕರಡು ಹೋಯಿತು, ನಿಯಮ ಉಳಿಯಿತು. ಅದರ ಪಾಲನೆ ಮಾತ್ರ ಬೇರೆ ಕಥೆ. ಕಾಲೇಜಿನ ಐಡಿ ಕಾರ್ಡ್ ಕೊರಳಲ್ಲಿ ನೇತಾಡುತ್ತಿರುವಾಗಲೇ ಬಾಟಲಿ ಕೊಡುವ ಅಂಗಡಿಗಳಿಗೆ ವಯಸ್ಸಿನ ದಾಖಲೆ ಕೇಳುವ ಅಭ್ಯಾಸವಿಲ್ಲ. ಶಿಕ್ಷಣ ಸಂಸ್ಥೆಗಳಿಂದ 100 ಮೀಟರ್ ಒಳಗೆ ಸನ್ನದು ಕೊಡುವಂತಿಲ್ಲ ಎಂಬ ನಿಯಮವಿದೆ. ಆದರೆ ಬೈಕ್ ಇರುವ ವಿದ್ಯಾರ್ಥಿಗೆ 100 ಮೀಟರ್ ಒಂದು ದೂರವೇ? ಪಕ್ಕದ ಗೋವಾದಲ್ಲಿ ಕಾನೂನಿನ ವಯಸ್ಸೇ 18. ಬೆಳಗಾವಿ, ಕಾರವಾರದ ಕಾಲೇಜುಗಳಿಂದ ಅದು ಒಂದು ದಿನದ ಪ್ರವಾಸ. ಇನ್ನು ಸರ್ಕಾರದ ಮಾತಾದರೆ, 2025–26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹದ ಗುರಿ ಇಟ್ಟುಕೊಂಡಿರುವ ರಾಜ್ಯವಿದು. ಇಷ್ಟು ದೊಡ್ಡ ಗುರಿಯನ್ನು ಹೊತ್ತ ಇಲಾಖೆಯೇ ಗಿರಾಕಿಗಳ ವಯಸ್ಸನ್ನು ಹುಡುಕಿ ಹುಡುಕಿ ವಾಪಸು ಕಳಿಸುತ್ತದೆ ಎಂದು ನಿರೀಕ್ಷಿಸುವುದು ಸ್ವಲ್ಪ ಅತಿಯಾದೀತು.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಕುಡಿಯದ ವಿದ್ಯಾರ್ಥಿಗಳು. ಜೈನ ಮಕ್ಕಳಲ್ಲಿ ಹೆಚ್ಚಿನವರು ಇರುವುದು ಇದೇ ಸಾಲಿನಲ್ಲಿ. ಹಾರ್ವರ್ಡ್ ತಂಡ ಇವರನ್ನೂ ಪ್ರಶ್ನಿಸಿತ್ತು. ಕುಡಿತ ಹೆಚ್ಚಿರುವ ಕಾಲೇಜುಗಳಲ್ಲಿ, ತಾವು ಮಿತಿ ಮೀರಿ ಕುಡಿಯದ ವಿದ್ಯಾರ್ಥಿಗಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಇತರರ ಕುಡಿತದಿಂದ ತಮ್ಮ ಓದು ಅಥವಾ ನಿದ್ದೆ ಕೆಟ್ಟಿದೆ ಎಂದಿದ್ದರು. ಮೂವರ ಕೋಣೆಯಲ್ಲಿ ಇಬ್ಬರು ಕುಡಿದರೆ ಮೂರನೆಯವನು ಏನು ಮಾಡಬೇಕು? ಗಲಾಟೆ ಸಹಿಸಬೇಕು, ವಾಂತಿ ತೊಳೆಯಬೇಕು, ರಾತ್ರಿ ಎರಡಕ್ಕೆ ವಾರ್ಡನ್‌ಗೆ ಸುಳ್ಳು ಹೇಳಬೇಕು, ಬೆಳಿಗ್ಗೆ ಅವರ ಪ್ರಾಕ್ಸಿ ಹಾಜರಾತಿಗೂ ವ್ಯವಸ್ಥೆ ಮಾಡಬೇಕು. ಮನೆಗೆ ಹೇಳಿದರೆ ಅಂಥವರ ಜೊತೆ ಯಾಕೆ ಇದ್ದೀಯಾ ಎಂದು ಮೊದಲ ಬೈಗುಳ ಅವನಿಗೇ. ಹಾಗಾಗಿ ಅವನು ಹೇಳುವುದಿಲ್ಲ. ಅವನ ಅಂಕವೂ ಇಳಿಯುತ್ತದೆ, ಕಾರಣ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಬಲವಂತವೂ ಇರುತ್ತದೆ. ಸೀನಿಯರ್‌ಗಳು ಫ್ರೆಷರ್‌ಗೆ ಒಂದು ಗುಟುಕಾದರೂ ಕುಡಿಸಿಯೇ ಸಿದ್ಧ ಎನ್ನುವ ಆಟ, ಅದರಲ್ಲೂ ಮಾಂಸ ಮದ್ಯ ಮುಟ್ಟದ ಮನೆಯವನೆಂದು ಗೊತ್ತಾದರೆ ಹೆಚ್ಚುವ ಉತ್ಸಾಹ, ಇದಕ್ಕೆ ರ‍್ಯಾಗಿಂಗ್ ಎಂದೇ ಹೆಸರು. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾದ ವೈದ್ಯಕೀಯ ಕಾಲೇಜಿನಲ್ಲಿ ಕುಡಿದಿದ್ದ ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಮೃತಪಟ್ಟ. ಅದೇ ವರ್ಷ ಯುಜಿಸಿ ರ‍್ಯಾಗಿಂಗ್ ತಡೆ ನಿಯಮಾವಳಿ ಜಾರಿಗೆ ಬಂತು. ಸಹಜವಾಗಿ ತಾನು ಮಾಡದಂಥದ್ದನ್ನು ವಿದ್ಯಾರ್ಥಿಯಿಂದ ಮಾಡಿಸಿ ಅವಮಾನಿಸುವುದು ಆ ನಿಯಮಾವಳಿಯಡಿ ಅಪರಾಧ. 1800–180–5522 ಎಂಬ ಉಚಿತ ಸಹಾಯವಾಣಿಗೆ ವಿದ್ಯಾರ್ಥಿಯೂ ಕರೆ ಮಾಡಬಹುದು, ಪೋಷಕರೂ ಮಾಡಬಹುದು.

ಇನ್ನು ನಿಜವಾಗಿ ಕುಡಿಯಲು ಆರಂಭಿಸಿದ ಜೈನ ಮನೆಯ ಹುಡುಗನ ವಿಷಯ. ಇಲ್ಲಿ ಕುಟುಂಬದ ಕಟ್ಟುನಿಟ್ಟು ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಹೆಚ್ಚಿನವರನ್ನು ಅದು ಲೋಟದಿಂದ ದೂರ ಇಡುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ಒಮ್ಮೆ ಗೆರೆ ದಾಟಿದವನಿಗೆ ವಾಪಸು ಬರುವ ದಾರಿಯನ್ನು ಅದೇ ಕಟ್ಟುನಿಟ್ಟು ಮುಚ್ಚುತ್ತದೆ. ಸಪ್ತವ್ಯಸನಗಳಲ್ಲಿ ಒಂದನ್ನು ಮಾಡಿದೆ ಎಂದು ಅಪ್ಪನ ಮುಂದೆ ಹೇಳುವುದು ಹೇಗೆ? ಅಜ್ಜಿಗೆ ತಿಳಿದರೆ ಅಡುಗೆಮನೆಗೆ ಕಾಲಿಡಲು ಬಿಟ್ಟಾರೆಯೇ? ಅಕ್ಕನ ಸಂಬಂಧ ಮಾತಾಡುತ್ತಿರುವ ಹೊತ್ತಿನಲ್ಲಿ ಸಮಾಜದಲ್ಲಿ ಸುದ್ದಿಯಾದರೆ? ಹುಡುಗ ಮೌನವಾಗುತ್ತಾನೆ. ಮನೆಯಲ್ಲಿ ಯಾರಾದರೂ ಕುಡಿಯುವವರಿದ್ದರೆ ಅಮಲು, ವಾಸನೆ, ಮಾತಿನ ತೊದಲನ್ನು ಗುರುತಿಸುವ ಅನುಭವ ಇರುತ್ತದೆ. ಅದಿಲ್ಲದ ಮನೆಯಲ್ಲಿ ರಜೆಗೆ ಬಂದ ಮಗನ ಕೆಂಪುಗಣ್ಣು ನಿದ್ದೆಗೆಟ್ಟು ಓದಿದ್ದರ ಗುರುತಾಗಿಯೇ ಕಾಣುತ್ತದೆ.

ಪತ್ತೆಯಾದ ಮೇಲೆ ನಡೆಯುವುದು ಬಹುಪಾಲು ಎರಡರಲ್ಲಿ ಒಂದು. ಒಂದೋ ಅಳು, ಆಣೆ, ಮುನಿಗಳ ಮುಂದೆ ನಿಯಮ. ಇಲ್ಲವೋ ಓದು ಬಿಡಿಸಿ ಊರಿಗೆ ಕರೆಸಿ ಅಂಗಡಿಯಲ್ಲೋ ತೋಟದಲ್ಲೋ ಕೂರಿಸುವುದು. ಮನಸ್ಸಿನಿಂದ ತೆಗೆದುಕೊಂಡ ನಿಯಮಕ್ಕೆ ಬಲವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಿಯಮ ಪಡೆದವನು ಮುಂದಿನ ಸೋಮವಾರ ಅದೇ ಕೋಣೆಗೆ, ಅದೇ ಗೆಳೆಯರ ನಡುವೆ ಮರಳುತ್ತಾನೆ. ಕೋಣೆ ಬದಲಾಗದೆ ನಿಯಮವೊಂದನ್ನೇ ಕೊಟ್ಟು ಕಳಿಸುವುದು ಅವನ ಮೇಲೆ ಹೊರಲಾರದ ಹೊರೆ ಇಟ್ಟಂತೆ. ಓದು ಬಿಡಿಸುವುದಂತೂ, ಕುಡಿತ ಮಾಡಬಹುದಾಗಿದ್ದ ಹಾನಿಯನ್ನು ಮನೆಯವರೇ ಮಾಡಿ ಮುಗಿಸಿದಂತೆ.

ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ನಡೆಸಿಕೊಂಡು ಬಂದಿರುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳ ಹೆಸರು ಇಂಥ ಹೊತ್ತಿನಲ್ಲಿ ಎಲ್ಲರಿಗೂ ನೆನಪಾಗುತ್ತದೆ. ಸಾವಿರಕ್ಕೂ ಮೀರಿದ ಶಿಬಿರಗಳು, ಅವುಗಳ ನಂತರ ಕೈಹಿಡಿಯುವ ನವಜೀವನ ಸಮಿತಿಗಳು, ಕುಡಿತ ಬಿಟ್ಟ ಗಂಡಂದಿರ ಜೊತೆ ಬದುಕು ಮತ್ತೆ ಕಟ್ಟಿಕೊಂಡ ಹೆಣ್ಣುಮಕ್ಕಳು, ಇವು ರಾಜ್ಯ ಕಂಡಿರುವ ದೊಡ್ಡ ಕೆಲಸಗಳಲ್ಲಿ ಒಂದು. ಆದರೆ ಆ ಶಿಬಿರಗಳು ರೂಪುಗೊಂಡದ್ದು ವರ್ಷಗಟ್ಟಲೆ ದಿನವೂ ಕುಡಿದು ಚಟಕ್ಕೆ ಬಿದ್ದ ಗ್ರಾಮೀಣ ಗೃಹಸ್ಥರಿಗಾಗಿ. ಹತ್ತೊಂಬತ್ತರ, ವಾರಾಂತ್ಯಕ್ಕೆ ಮಾತ್ರ ಕುಡಿಯುವ ಎಂಜಿನಿಯರಿಂಗ್ ವಿದ್ಯಾರ್ಥಿ ತಾನು ಆ ಸಾಲಿಗೆ ಸೇರಿದವನೆಂದು ಒಪ್ಪುವುದಿಲ್ಲ. ಅವನು ಹೇಳುವುದರಲ್ಲಿ ಅರ್ಧ ಸತ್ಯವೂ ಇದೆ. ಅವನಿಗೆ ಬೇಕಾದದ್ದು ಚಟ ಬಿಡಿಸುವ ಚಿಕಿತ್ಸೆಯಲ್ಲ, ಚಟವಾಗುವ ಮೊದಲೇ ಕೂರಿಸಿಕೊಂಡು ಆಡುವ ಮಾತು.

ಅಂಥ ಮಾತಿಗೂ ಒಂದು ಪದ್ಧತಿ ಇದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಟ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗಾಗಿಯೇ ಎರಡು ಭೇಟಿಗಳ ಒಂದು ಕ್ರಮ ರೂಪಿಸಿದರು. ಮೊದಲ ಭೇಟಿಯಲ್ಲಿ ವಿದ್ಯಾರ್ಥಿ ಎಷ್ಟು, ಯಾವಾಗ, ಯಾರೊಂದಿಗೆ ಕುಡಿಯುತ್ತಾನೆ ಎಂದು ಬೈಗುಳವಿಲ್ಲದೆ ಕೇಳಿ ಬರೆದುಕೊಳ್ಳುವುದು. ಎರಡನೆಯದರಲ್ಲಿ ಅದನ್ನೇ ಅವನ ಮುಂದಿಡುವುದು: ಇಷ್ಟು ಹಣ, ಇಷ್ಟು ತರಗತಿ, ಇಷ್ಟು ಗಂಟೆ ನಿದ್ದೆ; ಜೊತೆಗೆ ಅದೇ ಕಾಲೇಜಿನ ಉಳಿದವರು ನಿಜವಾಗಿ ಎಷ್ಟು ಕುಡಿಯುತ್ತಾರೆ ಎಂಬ ಅಂಕಿ. ಈ ಕೊನೆಯದರಲ್ಲೇ ಗುಟ್ಟಿರುವುದು. ಎಲ್ಲರೂ ಕುಡಿಯುತ್ತಾರೆ ಎಂದು ವಿದ್ಯಾರ್ಥಿಗಳು ನಂಬಿರುತ್ತಾರೆ, ಆದರೆ ಸಹಪಾಠಿಗಳ ಕುಡಿತವನ್ನು ಅವರು ಯಾವಾಗಲೂ ಇರುವುದಕ್ಕಿಂತ ಹೆಚ್ಚಾಗಿಯೇ ಊಹಿಸುತ್ತಾರೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹಾರ್ವರ್ಡ್ ಸಮೀಕ್ಷೆಯಲ್ಲೂ 2001ರ ಹೊತ್ತಿಗೆ ಸುಮಾರು ಶೇ. 19 ವಿದ್ಯಾರ್ಥಿಗಳು ಕುಡಿಯುವುದೇ ಇಲ್ಲ ಎಂದಿದ್ದರು. ಅಮೆರಿಕದಲ್ಲೇ ಐವರಲ್ಲಿ ಒಬ್ಬ! ಕರ್ನಾಟಕದ ಕಾಲೇಜಿನಲ್ಲಿ ಕುಡಿಯದವರೇ ಬಹುಮಂದಿ. ಸದ್ದು ಮಾಡುವವರು ಮಾತ್ರ ಉಳಿದವರು.

ಇಂಥ ನೆರವಿಗೆ ಎಲ್ಲಿಗೆ ಹೋಗಬೇಕು ಎಂಬುದು ಹಲವು ಮನೆಗಳಿಗೆ ತಿಳಿಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗಾಗಿ ಕೇಂದ್ರ ಸರ್ಕಾರದ ಸಹಾಯವಾಣಿ 14446. ಊರಿನಲ್ಲಿ ಯಾರಿಗೂ ಗೊತ್ತಾಗದಂತೆ ಸಲಹೆ ಕೇಳಬೇಕೆನ್ನುವ ತಾಯಂದಿರಿಗೆ ಫೋನ್ ದೊಡ್ಡ ಅನುಕೂಲ.

ಸಮಾಜದ ವಿದ್ಯಾರ್ಥಿ ನಿಲಯಗಳನ್ನು ನಡೆಸುವ ಸಮಿತಿಗಳಿಗೂ ಇಲ್ಲಿ ಒಂದು ಪ್ರಶ್ನೆಯಿದೆ. ಕುಡಿದು ಸಿಕ್ಕಿಬಿದ್ದವನನ್ನು ಅಂದೇ ಹೊರಹಾಕುವುದು ಹೆಚ್ಚಿನೆಡೆ ಅಲಿಖಿತ ನಿಯಮ. ನಿಲಯದ ಹೆಸರು ಉಳಿಯುತ್ತದೆ. ಹೊರಬಿದ್ದ ಹುಡುಗ ಹೋಗುವುದು ಮಾತ್ರ ಯಾರೂ ಕೇಳುವವರಿಲ್ಲದ ಪಿ.ಜಿ.ಗೆ, ಅಂದರೆ ಕುಡಿತ ಇನ್ನಷ್ಟು ಸುಲಭವಾದ ಜಾಗಕ್ಕೆ. ಮೊದಲ ಸಲ ಪೋಷಕರನ್ನು ಕರೆಸಿ, ಆಪ್ತಸಮಾಲೋಚಕರ ಬಳಿ ಕಳಿಸಿ, ಆ ಸೆಮಿಸ್ಟರ್ ಮುಗಿಯುವವರೆಗೆ ಷರತ್ತಿನ ಮೇಲೆ ಉಳಿಸಿಕೊಳ್ಳುವ ನಿಯಮವನ್ನು ಬರೆದಿಟ್ಟರೆ, ಗೆಳೆಯನ ಬಗ್ಗೆ ವಾರ್ಡನ್‌ಗೆ ತಿಳಿಸಲು ಉಳಿದ ವಿದ್ಯಾರ್ಥಿಗಳಿಗೂ ಧೈರ್ಯ ಬರುತ್ತದೆ. ಹೇಳಿದರೆ ಅವನ ಸೀಟೇ ಹೋಗುತ್ತದೆ ಎಂದಾದರೆ ಯಾರು ಬಾಯಿ ಬಿಡುತ್ತಾರೆ?

ಅಮೆರಿಕದ ಮದ್ಯಪಾನ ಸಂಶೋಧನಾ ಸಂಸ್ಥೆ ಗುರುತಿಸಿರುವಂತೆ ಕಾಲೇಜಿನ ಮೊದಲ ಆರು ವಾರ ಅತ್ಯಂತ ಸೂಕ್ಷ್ಮ ಅವಧಿ. ಗೆಳೆತನದ ಗುಂಪು ಗಟ್ಟಿಯಾಗುವುದು, ಶನಿವಾರದ ರೂಢಿ ಶುರುವಾಗುವುದು ಆಗಲೇ. ಮಳೆಗಾಲದಲ್ಲಿ ತರಗತಿ ಆರಂಭವಾಗುವ ಕಾಲೇಜುಗಳಲ್ಲಿ ದಶಲಕ್ಷಣ ಪರ್ವ ಬರುವುದು ಈ ಮೊದಲ ವಾರಗಳ ಆಸುಪಾಸಿನಲ್ಲೇ. ಆ ಹತ್ತು ದಿನಗಳಲ್ಲಿ ಒಂದು ದಿನ ಮಗನನ್ನು ಊರಿಗೆ ಕರೆಸಿಕೊಳ್ಳುವ ಬದಲು ಮನೆಯವರೇ ಅವನಿರುವ ಕಡೆ ಹೋಗಿ ಬರಬಹುದು. ಮುಂಚೆ ತಿಳಿಸಿಯೇ ಹೋಗುವುದು ಒಳ್ಳೆಯದು, ತಪಾಸಣೆಗೆ ಬಂದಂತಾಗಬಾರದು. ಕೋಣೆಯ ಗೆಳೆಯರನ್ನೂ ಊಟಕ್ಕೆ ಕರೆದು, ಅವರ ಊರು, ಅವರ ಮನೆಯವರ ವಿಚಾರ ಮಾತನಾಡಿಸಬಹುದು. ಅನೇಕ ಕಾಲೇಜುಗಳು ಹಾಜರಾತಿ ನೋಡಲು ಪೋಷಕರಿಗೂ ಲಾಗಿನ್ ಕೊಡುತ್ತವೆ. ಅದರಲ್ಲಿ ಒಟ್ಟು ಶೇಕಡಾವಾರು ನೋಡಿ ಮುಚ್ಚುವ ಬದಲು, ಶನಿವಾರ ಸೋಮವಾರಗಳ ಸಾಲನ್ನು ಮಗನ ಜೊತೆ ಕೂತು ನೋಡಲು ಹತ್ತು ನಿಮಿಷ ಸಾಕು.